ಮೊದಲೇ ಬರೆದಿಟ್ಟ ನಡಾವಳಿ

ನಾನು ಆರು ಮಹಡಿ ಒರೆಸುತ್ತೇನೆ. ಅಂದರೆ, ಒರೆಸುತ್ತಿದ್ದೆ. ಬೆಳಿಗ್ಗೆ ಆರಕ್ಕೆ ಶುರುವಾದರೆ ಹತ್ತಕ್ಕೆ ಮುಗಿಯಬೇಕು. ಸಾಹೇಬರು ಬರುವುದು ಹನ್ನೊಂದಕ್ಕೆ. ಒದ್ದೆ ನೆಲದ ಮೇಲೆ ಅವರು ಜಾರಬಾರದು ಅಂತ ಆ ಒಂದು ಗಂಟೆ ಹೆಚ್ಚಿಗೆ. ನಾವು ಜಾರಿದರೆ ಯಾರೂ ಕೇಳುವುದಿಲ್ಲ. ಎರಡು ವರ್ಷದ ಹಿಂದೆ ಮೆಟ್ಟಿಲ ಮೇಲೆ ಬಕೆಟ್ ಸಮೇತ ಬಿದ್ದೆ. ಮಂಡಿ ಊದಿತು. ಸೂಪರ್‌ವೈಸರ್ ಓಡಿ ಬಂದ. ಬಂದವನು ಮೊದಲು ಬಕೆಟ್ ಸೀಳಿದೆಯಾ ನೋಡಿದ. ಆಮೇಲೆ ನನ್ನ ಕಡೆ ತಿರುಗಿದ.

ಕೆಳಗಡೆ ಗೇಟು ಮತ್ತು ಹಳೇ ಫೈಲುಗಳ ಕೋಣೆ. ಒಂದನೇ ಮಹಡಿ ಆರೋಗ್ಯ ಇಲಾಖೆ. ಎರಡು ಶಿಕ್ಷಣ. ಮೂರನೆಯದು ಹೆಂಗಸರು ಮತ್ತು ಮಕ್ಕಳದ್ದು. ನಾಲ್ಕರಲ್ಲಿ ದೊಡ್ಡ ಸಭಾಂಗಣ, ಕಾರ್ಯದರ್ಶಿಗಳ ಕೋಣೆ. ಐದು ಅಂಗವಿಕಲರ ಕಲ್ಯಾಣ. ಲಿಫ್ಟು ನಾಲ್ಕರವರೆಗೆ ಮಾತ್ರ ಹೋಗುತ್ತದೆ. ಐದಕ್ಕೆ ಮೆಟ್ಟಿಲು ಹತ್ತಬೇಕು. ಇದನ್ನು ಕಟ್ಟಿದವರಿಗೆ ಯಾರೂ ಹೇಳಲಿಲ್ಲವೋ, ಹೇಳಿದ್ದನ್ನು ಅವರು ಕೇಳಲಿಲ್ಲವೋ ಗೊತ್ತಿಲ್ಲ.

ನನ್ನ ಮಗಳಿಗೆ ಹದಿನೈದು ವರ್ಷ. ಅವಳಿಗೆ ಮಾತಿಲ್ಲ. ಮುಚ್ಚಳ ತಿರುಗಿಸುತ್ತಾಳೆ. ಡಬ್ಬಿಯದೋ ಬಾಟಲಿಯದೋ, ಸಿಕ್ಕಿದ ಮುಚ್ಚಳವನ್ನು ನೆಲದ ಮೇಲೆ ನಿಲ್ಲಿಸಿ ಎರಡು ಬೆರಳಲ್ಲಿ ಒಂದು ತಿರುವು ಕೊಡುತ್ತಾಳೆ. ಅದು ನಿಂತೇ ಇದೆ ಅನ್ನುವ ಹಾಗೆ ತಿರುಗುತ್ತದೆ. ಬೀಳುವ ಮೊದಲು ಅದು ಮಾಡುವ ಸದ್ದಿಗೆ ನಗುತ್ತಾಳೆ. ನಮ್ಮ ಓಣಿಯವರು ಅವಳಿಗೆ ಗಿರಗಿಟ್ಲೆ ಅಂತ ಹೆಸರಿಟ್ಟರು. ಮೊದಮೊದಲು ಜಗಳಕ್ಕೆ ಹೋಗುತ್ತಿದ್ದೆ. ಈಗ ನಾನೂ ಹಾಗೇ ಕರೆಯುತ್ತೇನೆ. ಅದಕ್ಕೆ ಮಾತ್ರ ಅವಳು ತಿರುಗಿ ನೋಡುತ್ತಾಳೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ನಾನು ಅವಳನ್ನು ಕಟ್ಟಿಹಾಕಿದ್ದೇನೆ. ಒಂಬತ್ತನೇ ವರ್ಷದಿಂದ ಹನ್ನೆರಡನೇ ವರ್ಷದವರೆಗೆ. ಸೊಂಟಕ್ಕೆ ಹಗ್ಗ, ಹಗ್ಗದ ಇನ್ನೊಂದು ತುದಿ ಕಿಟಕಿಯ ಸರಳಿಗೆ. ನೀರಿನ ಕೊಡದವರೆಗೆ ಹೋಗಬಹುದು, ಬಚ್ಚಲಿಗೆ ಹೋಗಬಹುದು, ಬಾಗಿಲಿಗೆ ಹೋಗುವಂತಿಲ್ಲ. ಅಷ್ಟು ಉದ್ದ ಬಿಡುತ್ತಿದ್ದೆ. ಅವಳಪ್ಪ ಅವಳಿಗೆ ಆರು ವರ್ಷವಾದಾಗ ಬೇರೆ ಊರಲ್ಲಿ ಕೆಲಸ ಅಂತ ಹೋದ, ಅಲ್ಲೇ ಬೇರೆ ಸಂಸಾರ ಮಾಡಿದ. ಅವನ ತಾಯಿ ನನ್ನ ಜೊತೆ ಉಳಿದರು. ಅತ್ತೆಗೆ ಎರಡೂ ಕಣ್ಣಿಗೆ ಪೊರೆ. ಹುಡುಗಿ ಬಾಗಿಲು ದಾಟಿ ರಸ್ತೆಗೆ ಓಡಿದರೆ ಹಿಡಿಯುವುದು ಯಾರು? ಎರಡು ಸಲ ಓಡಿದ್ದಳು. ಎರಡನೇ ಸಲ ಲಾರಿ ಇವಳ ಮುಂದೆ ಒಂದು ಮಾರು ದೂರದಲ್ಲಿ ನಿಂತಿತ್ತು. ಮಾರನೇ ದಿನ ಹಗ್ಗ ತಂದೆ. ಸೊಂಟದ ಸುತ್ತ ಕಪ್ಪಾಗಿ ಬರೆ ಬಿದ್ದಿತ್ತು. ದಿನಾ ಅದಕ್ಕೆ ಎಣ್ಣೆ ಹಚ್ಚಿ, ಬೆಳಿಗ್ಗೆ ಅದರ ಮೇಲೇ ಮತ್ತೆ ಕಟ್ಟಿ, ಆರು ಮಹಡಿ ಒರೆಸಲು ಬರುತ್ತಿದ್ದೆ.

ಅದಕ್ಕೆ ಮೊದಲೂ ಆ ಕಾಲದಲ್ಲೂ ನಾನು ಸುಮ್ಮನೆ ಕೂತಿರಲಿಲ್ಲ. ಹತ್ತಕ್ಕೆ ಕೆಲಸ ಮುಗಿಸಿ, ನೀಲಿ ಕೋಟು ಕಳಚಿ, ಹನ್ನೊಂದಕ್ಕೆ ಅದೇ ಕಟ್ಟಡದಲ್ಲಿ ಸಾಲಲ್ಲಿ ನಿಲ್ಲುತ್ತಿದ್ದೆ. ನಾನೇ ಒರೆಸಿದ ನೆಲದ ಮೇಲೆ. ಒಂದನೇ ಮಹಡಿಯವರು ಮಾತು ತಡವಾಗಿ ಬರುತ್ತೆ ಕಾಯಿ ಅಂದರು. ಕಾದೆ. ಏಳನೇ ವರ್ಷಕ್ಕೆ ಒಬ್ಬ ಡಾಕ್ಟರು ಇದು ಆಟಿಸಂ ಅಂದರು, ಬೇಗ ಬರಬೇಕಿತ್ತು ಅಂತ ನನ್ನನ್ನೇ ಬೈದರು. ಎರಡನೇ ಮಹಡಿಯವರು ಸರ್ಟಿಫಿಕೇಟ್ ತಂದರೆ ಶಾಲೆ ಅಂದರು. ಸರ್ಟಿಫಿಕೇಟ್ ಐದನೇ ಮಹಡಿಯಲ್ಲಿ. ಐದನೇ ಮಹಡಿಯವರು ಒಂದನೇ ಮಹಡಿಯ ಪರೀಕ್ಷೆಯ ಕಾಗದ ಕೇಳಿದರು. ಒಂದನೇ ಮಹಡಿಯವರು ಹೆಣ್ಣುಮಗು ತಾನೇ, ಮೂರಕ್ಕೆ ಹೋಗು ಅಂದರು. ಮೂರರವರು ಆರು ವರ್ಷ ದಾಟಿದೆ, ನಮ್ಮದಲ್ಲ, ಎರಡಕ್ಕೆ ಹೋಗು ಅಂದರು. ಬೆಳಿಗ್ಗೆ ಬಕೆಟ್ ಹಿಡಿದು ಹತ್ತಿದ ಮೆಟ್ಟಿಲನ್ನು ಮಧ್ಯಾಹ್ನ ಫೈಲು ಹಿಡಿದು ಹತ್ತುತ್ತಿದ್ದೆ. ನಾನು ದಿನಾ ಮೇಜು ಒರೆಸಿಕೊಡುವ ಗುಮಾಸ್ತರಿಗೇ ನನ್ನ ಗುರುತು ಸಿಗುತ್ತಿರಲಿಲ್ಲ. ಕೋಟು ಹಾಕಿದ್ದರೆ ನನ್ನನ್ನು ಯಾರೂ ನೋಡುವುದಿಲ್ಲ. ಕೋಟು ತೆಗೆದರೆ ಯಾರು ನೀನು ಅಂತ ಕೇಳುತ್ತಾರೆ.

ಸಂಶೋಧನೆಯವರೂ ಬಂದರು. ಮೂರು ಇಲಾಖೆಯಿಂದ ಮೂರು ತಂಡ, ಮೂರು ವರ್ಷದಲ್ಲಿ. ಮೂವರೂ ಅವಳ ತಲೆಯ ಸುತ್ತಳತೆ ತೆಗೆದರು. ಮೂವರೂ ಬಸುರಿಯಿದ್ದಾಗ ಏನು ತಿಂದೆ ಅಂತ ನನ್ನನ್ನೇ ಕೇಳಿದರು. ಮೂರನೇ ತಂಡದ ಹುಡುಗಿ ಅಳತೆಪಟ್ಟಿ ಬಿಚ್ಚಿದಾಗ ಅತ್ತೆ ಗೋಡೆಗೆ ಒರಗಿದ್ದವರು ಎದ್ದು ಕೂತು, "ತಗೋ ತಾಯಿ, ಚೆನ್ನಾಗಿ ಅಳೆ. ಹೋದ ಸಲದವರು ಟೋಪಿ ಹೊಲಿಸ್ತೀನಿ ಅಂತ ಹೋದವರು ಇನ್ನೂ ಬಂದಿಲ್ಲ" ಅಂದರು. ಆ ಹುಡುಗಿ ನಗಲಿಲ್ಲ. ಬರೆದುಕೊಂಡಳು.

ಆಮೇಲೆ ಇಂಥ ಮಕ್ಕಳಿಗಾಗಿ ಸರ್ಕಾರದ ಒಂದು ಕೇಂದ್ರ ತೆರೆಯಿತು. ನಮ್ಮ ಮನೆಯಿಂದ ಹತ್ತು ನಿಮಿಷದ ನಡಿಗೆ. ಮುಚ್ಚಿದ ಛಾಪಖಾನೆಯ ಹಿಂದೆ ಎರಡು ಕೋಣೆ. ಒಬ್ಬ ಟೀಚರ್, ಒಬ್ಬ ಆಯಾ, ಹನ್ನೊಂದು ಮಕ್ಕಳು. ಟೀಚರ್ ಮೊದಲ ದಿನ ಗಿರಗಿಟ್ಲೆಯ ಅಂಗಿ ಎತ್ತಿ ಸೊಂಟ ನೋಡಿದರು. ನನ್ನ ಮುಖ ನೋಡಿದರು. ನಾಳೆಯಿಂದ ಕಳಿಸಿ, ಎಂಟಕ್ಕೆ ಆಯಾನೇ ಮನೆ ಬಾಗಿಲಿಗೆ ಬಂದು ಕರಕೊಂಡು ಬರ್ತಾಳೆ ಅಂದರು. ಮೂರು ವರ್ಷದಲ್ಲಿ ಅವಳು ಲೋಟಕ್ಕೆ ನೀರು ಬಗ್ಗಿಸುವುದು ಕಲಿತಳು. ಬಚ್ಚಲಿಗೆ ಹೋಗಬೇಕಾದರೆ ಚಿತ್ರ ತೋರಿಸುವುದು ಕಲಿತಳು. ತಿಂಗಳ ದಿನಗಳಲ್ಲಿ ಬಟ್ಟೆ ತಾನೇ ಬದಲಿಸುವುದು ಕಲಿತಳು. ಇದಕ್ಕಿಂತ ದೊಡ್ಡ ವಿದ್ಯೆ ನನಗೆ ಬೇಕಿರಲಿಲ್ಲ. ಕಿಟಕಿಯ ಹಗ್ಗ ಬಿಚ್ಚಿ ಹೊರಗೆ ಕಟ್ಟಿದೆ. ಈಗ ಅದರ ಮೇಲೆ ಬಟ್ಟೆ ಒಣಗುತ್ತದೆ.

ಒಂದು ದಿನ ಟೀಚರ್ ನನ್ನನ್ನು ಬಾಗಿಲ ಹೊರಗೆ ಕರೆದರು. ಕೇಂದ್ರ ಇಲ್ಲಿಂದ ಎತ್ತುತ್ತಾರಂತೆ. ಈ ಎರಡು ಕೋಣೆ ಸಂಶೋಧನೆ ಮತ್ತು ಮಾಹಿತಿ ಸಮನ್ವಯ ಘಟಕಕ್ಕೆ. ಎಲ್ಲ ಇಲಾಖೆಯ ಕಾಗದ ಒಂದೇ ಕಡೆ ಸೇರಿಸುತ್ತಾರಂತೆ. ಮಕ್ಕಳನ್ನು ನಗರದ ಇನ್ನೊಂದು ತುದಿಯ ದೊಡ್ಡ ಕೇಂದ್ರಕ್ಕೆ ಸೇರಿಸುತ್ತಾರಂತೆ. ಎರಡು ಬಸ್ಸು ಬದಲಿಸಬೇಕು. ಗಿರಗಿಟ್ಲೆ ಬಸ್ಸಿನ ಬ್ರೇಕಿನ ಸದ್ದಿಗೆ ತಲೆಯನ್ನು ಕಬ್ಬಿಣದ ಸರಳಿಗೆ ಚಚ್ಚಿಕೊಳ್ಳುತ್ತಾಳೆ. ಒಂದು ಸಲ ಬಿಡಿಸಲು ಹೋದಾಗ ಅವಳು ನನ್ನ ಮೊಣಕೈ ಕೆಳಗೆ ಕಚ್ಚಿದ ಗುರುತು ಇನ್ನೂ ಇದೆ. ನಾಲ್ಕು ಹಲ್ಲು ಮೇಲೆ, ಮೂರು ಕೆಳಗೆ. ಟೀಚರ್ ಇನ್ನೆರಡು ವಾರಕ್ಕೆ ಸಮನ್ವಯ ಸಮಿತಿಯ ಸಭೆ ಇದೆ, ಅಲ್ಲಿ ತೀರ್ಮಾನ ಆಗಬೇಕು ಅಂದರು. ಯಾವ ಸಮಿತಿ ಅಂತ ಕೇಳಿದೆ. ಅವರು ಹೇಳಿದ ಕೂಡಲೇ ಗೊತ್ತಾಯಿತು. ನಾಲ್ಕನೇ ಮಹಡಿಯ ಸಭಾಂಗಣದಲ್ಲಿ ಮೂರು ತಿಂಗಳಿಗೊಮ್ಮೆ ಕೂರುವ ಸಮಿತಿ. ಅವರ ಬಿಸ್ಕತ್ತಿನ ಪುಡಿ ನಾನೇ ಗುಡಿಸುತ್ತಿದ್ದೆ.

ಆ ಸಮಿತಿಯ ಕೆಲಸದ ರೀತಿ ನನಗೆ ಗೊತ್ತಿತ್ತು. ಕಸದ ಬುಟ್ಟಿ ಖಾಲಿ ಮಾಡುವವರಿಗೆ ಗೊತ್ತಾಗದ್ದು ಯಾವುದಿದೆ? ಸಭೆಯ ದಿನ ಬೆಳಿಗ್ಗೆ ಏಳಕ್ಕೆ ಟೈಪಿಸ್ಟಿನ ಬುಟ್ಟಿಯಲ್ಲಿ ತಪ್ಪಾಗಿ ಟೈಪಾದ ಹಾಳೆಗಳು ಇರುತ್ತಿದ್ದವು. ಆ ದಿನದ ಸಭೆಯ ನಡಾವಳಿ. ಮಧ್ಯಾಹ್ನ ಮೂರಕ್ಕೆ ನಡೆಯಬೇಕಾದ ಸಭೆಯಲ್ಲಿ ಯಾರು ಏನು ಹೇಳಿದರು, ಯಾರು ಒಪ್ಪಿದರು, ಯಾರು ಯಾರಿಗೆ ವಂದಿಸಿದರು ಎಲ್ಲ ಅದರಲ್ಲಿ ಇರುತ್ತಿತ್ತು. ಸಭೆಗಿಂತ ಮೊದಲು ನಡಾವಳಿ ಬರೆಯುವುದು ಅಲ್ಲಿ ತಪ್ಪಲ್ಲ. ಎಲ್ಲ ಸಭೆಗೂ ಹಾಗೆಯೇ. ಸಭೆ ಅಂದರೆ ಚಹಾ ಕುಡಿದು ಅದಕ್ಕೆ ಸಹಿ ಹಾಕುವುದು.

ನಾನು ಹತ್ತನೇ ತರಗತಿವರೆಗೆ ಓದಿದ್ದೇನೆ. ಇದನ್ನು ಅಲ್ಲಿ ಯಾರೂ ಕೇಳಿರಲಿಲ್ಲ.

ಸಭೆಯ ದಿನ ಮಧ್ಯಾಹ್ನ ಎರಡಕ್ಕೆ ಅಟೆಂಡರ್ ಅಣ್ಣ ಓಡಿಕೊಂಡು ಬಂದ. ಸಭಾಂಗಣಕ್ಕೆ ಚಹಾ ತರುವವನು ಅವನೇ. ಕಟ್ಟಡದಲ್ಲಿ ಗಿರಗಿಟ್ಲೆಯ ವಿಷಯ ಗೊತ್ತಿದ್ದವನು ಅವನೊಬ್ಬನೇ. ಆವತ್ತು ಸಭೆ ಇದ್ದದ್ದರಿಂದ ನನ್ನನ್ನು ಸಂಜೆವರೆಗೆ ಇರಿಸಿಕೊಂಡಿದ್ದರು. ಅವನು ಹೇಳಿದ್ದು ಇಷ್ಟು. ಸಮಿತಿಯಲ್ಲಿ ಕುಟುಂಬ ಪ್ರತಿನಿಧಿ ಅಂತ ಒಂದು ಜಾಗ ಇದೆ. ಆಟಿಸಂ ಇರುವ ಮಗುವಿನ ಮನೆಯವರು ಒಬ್ಬರು ಇರಲೇಬೇಕು. ಇಷ್ಟು ದಿನ ಒಬ್ಬ ನಿವೃತ್ತ ದೊಡ್ಡ ಅಧಿಕಾರಿಯ ಹೆಂಡತಿ ಇದ್ದರು. ಅವರ ಮೊಮ್ಮಗನಿಗೆ ಆಟಿಸಂ. ಆ ಮೊಮ್ಮಗ ಬೇರೆ ದೇಶದಲ್ಲಿದ್ದ, ಇವರೂ ಸಭೆಗೆ ಬರುತ್ತಿರಲಿಲ್ಲ. ಅವರ ಸಹಿ ಇಲ್ಲ ಅಂತ ಹಿಂದಿನ ಎರಡು ಸಭೆಯ ನಡಾವಳಿ ಮೇಲಿನಿಂದ ವಾಪಸು ಬಂದಿತ್ತು. ಈಗ ಅವರು ರಾಜೀನಾಮೆ ಕಳಿಸಿದ್ದಾರೆ. ಇವತ್ತೂ ಸಹಿ ಇಲ್ಲದಿದ್ದರೆ ಇಡೀ ಯೋಜನೆ ಬಿದ್ದುಹೋಗುತ್ತೆ. ಸಮಿತಿಯ ಕಾಗದಪತ್ರ ನೋಡಿಕೊಳ್ಳುವ ಶಾಖಾಧಿಕಾರಿ ತಲೆ ಮೇಲೆ ಕೈ ಹೊತ್ತು ಕೂತಿದ್ದರಂತೆ. ಇವನು ನನ್ನ ಹೆಸರು ಹೇಳಿದ್ದಾನೆ.

"ಅಕ್ಕ, ಬೇಡ ಅನ್ನಬೇಡಿ. ಎಲ್ಲ ಇಲಾಖೆಯವರೂ ಒಂದೇ ರೂಮಲ್ಲಿ ಸಿಗ್ತಾರೆ. ನೀವು ಮಹಡಿ ಮಹಡಿ ಅಲೆದಿದ್ದು ಅವರ ಮುಖಕ್ಕೇ ಹೇಳಬಹುದು" ಅಂದ.

ಅವನು ಒಳ್ಳೆಯದಕ್ಕೇ ಹೇಳಿದ. ನಾನೂ ಅದಕ್ಕೇ ಹೋದೆ. ಮೆಟ್ಟಿಲು ಹತ್ತುತ್ತ ಹೇಳಬೇಕಾದ ಮಾತನ್ನು ಬಾಯಲ್ಲಿ ಉರು ಹೊಡೆದೆ. ಕೇಂದ್ರ ಎತ್ತಬೇಡಿ, ಮಕ್ಕಳು ಬಸ್ಸಿನಲ್ಲಿ ಹೋಗಲಾರರು. ಇಷ್ಟೇ. ಎರಡೇ ಮಾತು.

ಶಾಖಾಧಿಕಾರಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಕೋಟಿನ ಬೆನ್ನ ಮೇಲೆ ಗುತ್ತಿಗೆ ಕಂಪನಿಯ ಹೆಸರು ದೊಡ್ಡದಾಗಿ ಇತ್ತು. ಕೋಟು ತೆಗೆ ಅಂದರು. ಒಳಗಿನ ಬಟ್ಟೆ ಫಿನಾಯಿಲ್ ಚೆಲ್ಲಿ ಕಲೆಯಾಗಿತ್ತು. ಬೇಡ ಹಾಕ್ಕೋ ಅಂದರು. ಟೈಪಿಸ್ಟ್ ಹತ್ತಿರ ಒಂದು ಶಾಲು ಇಸಿದುಕೊಂಡು ಕೋಟಿನ ಮೇಲೆ ಹೊದಿಸಿದರು. ಕೈ ಮುಂದೆ ಮಾಡಿದಾಗ ಕಚ್ಚಿದ ಗುರುತು ಕಂಡಿತು. ಅದನ್ನೂ ಮುಚ್ಚಿಕೋ, ಫೋಟೋ ತೆಗೀತಾರೆ ಅಂದರು. ಆಮೇಲೆ ಒಂದು ಆದೇಶ ಟೈಪಾಯಿತು. ಹಳೇ ಆದೇಶವನ್ನೇ ಕಂಪ್ಯೂಟರಿನಲ್ಲಿ ತೆಗೆದು ಆ ದೊಡ್ಡವರ ಹೆಸರು ಅಳಿಸಿ ನನ್ನ ಹೆಸರು ಹಾಕಿದರು. ಎರಡೇ ನಿಮಿಷ. ಕಾರ್ಯದರ್ಶಿಗಳು ಕಾರಿಡಾರಿನಲ್ಲಿ ನಡೆಯುತ್ತಲೇ ಸಹಿ ಹಾಕಿದರು. ಒಂದು ಪ್ರತಿ ನನ್ನ ಕೈಗೂ ಬಂತು. ಅಟೆಂಡರ್ ಅಣ್ಣ ಬಾಗಿಲಲ್ಲಿ ಹಾಜರಿ ಪುಸ್ತಕ ಹಿಡಿದಿದ್ದ. ನನಗೆ ಸಹಿ ಬರುತ್ತೆ ಅಂತ ಅವನಿಗೆ ಗೊತ್ತಿತ್ತು, ಪೆನ್ನೇ ಕೊಟ್ಟ. ಸಹಿ ಹಾಕಿ ಒಳಗೆ ಹೋದೆ.

ಆ ಸಭಾಂಗಣದ ಪ್ರತಿ ಕುರ್ಚಿಯ ಕಾಲು ನನಗೆ ಗೊತ್ತು. ಅವುಗಳಲ್ಲಿ ಒಂದರ ಮೇಲೆ ನಾನು ಕೂತದ್ದು ಅದೇ ಮೊದಲು. ಕುರ್ಚಿ ಮೆತ್ತಗಿತ್ತು, ಬೆನ್ನು ಒಳಗೆ ಹೋಯಿತು. ನೆಟ್ಟಗೆ ಕೂರಲು ತುದಿಗೆ ಬಂದೆ. ಮೇಜಿನ ಆಚೆ ಆರೋಗ್ಯ, ಶಿಕ್ಷಣ, ಹೆಂಗಸರು ಮಕ್ಕಳು, ಅಂಗವಿಕಲರ ಕಲ್ಯಾಣ ಸಾಲಾಗಿ ಕೂತಿದ್ದರು. ಎಷ್ಟು ವರ್ಷ ಇವರ ನಡುವೆ ಮೆಟ್ಟಿಲು ಹತ್ತಿ ಇಳಿದೆ. ಇಲ್ಲಿ ಅವರ ನಡುವೆ ಒಂದು ನೀರಿನ ಬಾಟಲಿಯಷ್ಟು ಜಾಗ. ಒಬ್ಬರ ಪೆನ್ನು ಇನ್ನೊಬ್ಬರು ತೆಗೆದುಕೊಂಡು ಬರೆಯುತ್ತಿದ್ದರು. ಒಬ್ಬ ಪ್ರೊಫೆಸರ್ ಇದ್ದರು, ಸಂಶೋಧನೆಗೆ ಅವರೇ ಮುಖ್ಯಸ್ಥರಂತೆ.

ಪ್ರೊಫೆಸರ್ ಗೋಡೆಯ ಮೇಲೆ ಚಿತ್ರ ಹಾಕಿದರು. ಬಣ್ಣಬಣ್ಣದ ಚೌಕಗಳು, ಒಂದರಿಂದ ಒಂದಕ್ಕೆ ಬಾಣ. ಇಷ್ಟು ದಿನ ಇಲಾಖೆಗಳು ಬೇರೆ ಬೇರೆ ಕೆಲಸ ಮಾಡುತ್ತಿದ್ದವು, ಇನ್ನು ಮುಂದೆ ಮಾಹಿತಿ ಒಂದೇ ಕಡೆ ಇರುತ್ತದೆ, ಒಂದೇ ಮಗುವನ್ನು ಮೂರು ಸಲ ಅಳೆಯುವುದು ತಪ್ಪುತ್ತದೆ ಅಂದರು. ಅದು ಸರಿಯಾದ ಮಾತೇ. ನಾನು ತಲೆ ಆಡಿಸಿದೆ. ಅವರು ಒಂದು ಚೌಕದ ಮೇಲೆ ಕೆಂಪು ಬೆಳಕು ಆಡಿಸಿದರು. ಆ ಚೌಕದಲ್ಲಿ ನಮ್ಮ ಎರಡು ಕೋಣೆ ಇತ್ತು. ಕೋಣೆಯೊಳಗೆ ಹನ್ನೊಂದು ಮಕ್ಕಳಿದ್ದದ್ದು ಚಿತ್ರದಲ್ಲಿ ಇರಲಿಲ್ಲ.

ನಾಲ್ಕನೇ ವಿಷಯ ಅಂತ ಶಾಖಾಧಿಕಾರಿ ಓದಿದರು. ಕೇಂದ್ರದ ಸ್ಥಳಾಂತರ. ನಾನು ಬಾಯಿ ತೆರೆಯಬೇಕು ಅನ್ನುವಷ್ಟರಲ್ಲಿ ಅಂಗೀಕಾರ ಅಂತ ಯಾರೋ ಅಂದರು, ಐದನೇ ವಿಷಯ ಅಂತ ಇನ್ಯಾರೋ ಅಂದರು. ಕೈ ಎತ್ತಿದೆ. ಪಕ್ಕದಲ್ಲಿದ್ದ ಆರೋಗ್ಯದವರು ನನಗೆ ಬಿಸ್ಕತ್ತು ಬೇಕೇನೋ ಅಂದುಕೊಂಡು ತಟ್ಟೆ ನನ್ನ ಕಡೆ ತಳ್ಳಿದರು. ಐದನೇ ವಿಷಯ ಮುಂದಿನ ಸಭೆಯ ದಿನಾಂಕ. ಅದಕ್ಕೆ ಕಾಲು ಗಂಟೆ ಹಿಡಿಯಿತು. ಯಾರಿಗೋ ಮದುವೆ ಇತ್ತು, ಯಾರಿಗೋ ಪ್ರವಾಸ.

ಆಮೇಲೆ ನಡಾವಳಿ ಬಂತು. ಏಳು ಪುಟ. ಸುತ್ತ ಹೋಯಿತು. ಯಾರೂ ಓದಲಿಲ್ಲ, ಕೊನೆಯ ಪುಟ ತಿರುವಿ ಸಹಿ ಹಾಕಿ ಮುಂದೆ ತಳ್ಳಿದರು. ನನ್ನ ಹತ್ತಿರ ಬಂದಾಗ ಅದರ ಜೊತೆ ಒಂದು ಇಂಕಿನ ಡಬ್ಬಿಯೂ ಬಂತು. ಹೆಬ್ಬೆಟ್ಟು ಒತ್ತುವ ಡಬ್ಬಿ. ಶಾಖಾಧಿಕಾರಿ ಮುಚ್ಚಳ ತೆಗೆದು, ನನ್ನ ಬಲಗೈ ಹೆಬ್ಬೆರಳನ್ನು ತಾವೇ ಹಿಡಿದರು. ಮಗುವಿನ ಕೈ ಹಿಡಿದ ಹಾಗೆ. ಅವರ ಬೆರಳು ತಣ್ಣಗಿತ್ತು.

ಕೈ ಕಿತ್ತುಕೊಂಡೆ.

"ಇಂಕು ಹೋಗುತ್ತಮ್ಮ, ಸೋಪು ಹಾಕಿದ್ರೆ" ಅಂದರು ಅವರು. ಎಲ್ಲರೂ ನಕ್ಕರು. ಕೆಟ್ಟ ನಗುವಲ್ಲ, ಸಭೆ ಮುಗಿದ ಸಮಾಧಾನದ ನಗು.

ನಾನು ಮೊದಲ ಪುಟದಿಂದ ಓದತೊಡಗಿದೆ. ಅವರಿಗೆ ಮೊದಲು ಗೊತ್ತಾಗಲಿಲ್ಲ. ಪುಟ ತಿರುಗಿದಾಗ ಗೊತ್ತಾಯಿತು. ಶಾಖಾಧಿಕಾರಿ ಕೊನೆಯ ಪುಟದಲ್ಲಿ ಬೆರಳಿಟ್ಟು, ಇಲ್ಲಿ ಮಾತ್ರ ಸಾಕು ಅಂದರು. ನಾನು ಎರಡನೇ ಪುಟದಲ್ಲಿದ್ದೆ. ಕಾರ್ಯದರ್ಶಿಗಳು ಗಡಿಯಾರ ನೋಡಿದರು. ನಾಲ್ಕನೇ ಪುಟದಲ್ಲಿ ಸಿಕ್ಕಿತು. ನಾನು ಅದನ್ನು ಜೋರಾಗಿ ಓದಿದೆ. ಬೇಕಂತಲೇ ನಿಧಾನವಾಗಿ, ಶಾಲೆಯಲ್ಲಿ ಪಾಠ ಓದಿದ ಹಾಗೆ.

"ಕುಟುಂಬ ಪ್ರತಿನಿಧಿಯವರು ಮಾತನಾಡಿ, ಕೇಂದ್ರದ ಸ್ಥಳಾಂತರವನ್ನು ಪೋಷಕರೆಲ್ಲರ ಪರವಾಗಿ ಹರ್ಷದಿಂದ ಸ್ವಾಗತಿಸಿ, ಸರ್ಕಾರಕ್ಕೆ ಕೃತಜ್ಞತೆ ಸಲ್ಲಿಸಿದರು."

ಗೋಡೆಯ ಮೇಲೆ ಚೌಕಗಳು ಹಾಗೇ ಇದ್ದವು.

"ನಾನಿನ್ನೂ ಬಾಯೇ ಬಿಟ್ಟಿಲ್ಲ" ಅಂದೆ.

ಕಾರ್ಯದರ್ಶಿಗಳು ಐವತ್ತು ದಾಟಿದ ಹೆಂಗಸು. ದನಿ ಎತ್ತುವವರಲ್ಲ. ಅವರು ನನಗೆ ತಿಳಿಸಿ ಹೇಳಿದರು. ಇದು ಪದ್ಧತಿ, ಇದರಲ್ಲಿ ಮೋಸ ಇಲ್ಲ. ಯೋಜನೆ ನಿಮ್ಮಂಥವರಿಗಾಗಿಯೇ. ಇವತ್ತು ಹೋಗದಿದ್ದರೆ ಒಂದು ವರ್ಷ ಹಿಂದೆ ಬೀಳುತ್ತೆ, ನೂರಾರು ಮಕ್ಕಳಿಗೆ ನಷ್ಟ. ನಿಮ್ಮ ಒಂದು ಮಗುವಿಗಾಗಿ ಅಷ್ಟೂ ಮಕ್ಕಳನ್ನು ತಡೀತೀರಾ ಅಂತ ಕೇಳಿದರು. ಆ ಮಾತು ಚುಚ್ಚಿತು. ಒಂದು ಗಳಿಗೆ ಕೈ ಪೆನ್ನಿನ ಕಡೆ ಹೋಯಿತು ಕೂಡ. ನೂರಾರು ಮಕ್ಕಳು ಅಂದರೆ ನೂರಾರು ಕಿಟಕಿ. ನನಗೆ ಗೊತ್ತಿಲ್ಲವೇ?

ಆಗ ಹಗ್ಗ ನೆನಪಾಯಿತು. ಹೊರಗೆ ಬಟ್ಟೆ ಒಣಗುತ್ತಿರುವ ಹಗ್ಗ. ಬೇಕೆಂದರೆ ಅರ್ಧ ನಿಮಿಷದಲ್ಲಿ ಬಿಚ್ಚಿ ಒಳಗೆ ತರಬಹುದು.

ಶಾಲು ತೆಗೆದು ಮೇಜಿನ ಮೇಲಿಟ್ಟೆ. ಕೋಟಿನ ತೋಳು ಮೇಲೆ ಸರಿಸಿ ಕೈ ಮುಂದೆ ಚಾಚಿದೆ, ಕಚ್ಚಿದ ಗುರುತು ಕಾಣುವ ಹಾಗೆ.

"ಇದು ಬಸ್ಸಿನಲ್ಲಿ ಆಗಿದ್ದು. ಒಂದೇ ಬಸ್ಸಿನಲ್ಲಿ. ನೀವು ಎರಡು ಬಸ್ಸು ಅಂತೀರಿ. ಹೋಗೋಕೆ ಆಗಲ್ಲ. ಹೋಗದಿದ್ರೆ ಮನೇಲಿ ಕಟ್ಟಿಹಾಕಬೇಕು. ಮೂರು ವರ್ಷ ಕಟ್ಟಿಹಾಕಿದೀನಿ. ಈ ಕೈಯಲ್ಲೇ. ಕಟ್ಟಿ ಬಂದು ನಿಮ್ಮ ನೆಲ ಒರೆಸಿದೀನಿ. ಇನ್ನೊಂದು ಸಲ ಕಟ್ಟಲ್ಲ."

ಪ್ರೊಫೆಸರ್ ಏನೋ ಹೇಳಲು ಬಂದರು. ಮಗುವಿನ ವಯಸ್ಸು ಎಷ್ಟು ಅಂತ ಕೇಳಿದರು. ಹಿಂದೆ ಬಂದವರು ಮೂರು ಸಲ ಬರಕೊಂಡಿದ್ದಾರೆ, ಅದರಲ್ಲೇ ನೋಡಿ ಅಂದೆ.

"ನನ್ನ ಮಗಳಿಗೆ ಮಾತು ಬರಲ್ಲ. ಅವಳ ಬಗ್ಗೆ ಏನು ಬರೆದರೂ ಅವಳು ಇಲ್ಲ ಅನ್ನಲಾರಳು. ನನಗೆ ಮಾತು ಬರುತ್ತೆ. ನಾನು ಇಲ್ಲ ಅಂತೀನಿ."

ಇಂಕಿನ ಡಬ್ಬಿಯ ಮುಚ್ಚಳ ಹಾಕಿ ಶಾಖಾಧಿಕಾರಿಯ ಕಡೆ ತಳ್ಳಿದೆ. ಎದ್ದೆ. ಎದ್ದಾಗ ಮಂಡಿ ಕಟಕ್ಕೆಂದಿತು. ಬಾಗಿಲ ಹತ್ತಿರ ಬಂದಾಗ ಹಿಂದೆ ಲೋಟ ಉರುಳಿದ ಸದ್ದಾಯಿತು. ಯಾರದೋ ಚಹಾ ಚೆಲ್ಲಿತ್ತು. ಯಾರೋ ಅಭ್ಯಾಸಬಲದಿಂದ, "ಏಯ್, ಸ್ವಲ್ಪ ಒರೆಸಮ್ಮ" ಅಂದರು. ನಾನು ತಿರುಗಿ ನೋಡಿದೆ. ಅಂದದ್ದು ಐದನೇ ಮಹಡಿಯವರು. ಅಂದ ಮೇಲೆ ಅವರಿಗೇ ನಾಚಿಕೆಯಾಯಿತೋ ಏನೋ, ಜೇಬಿನಿಂದ ಕರವಸ್ತ್ರ ತೆಗೆದರು. ಅವರು ಒರೆಸುವವರೆಗೆ ನಿಂತು ನೋಡಿ ಹೊರಗೆ ಹೋದೆ.

ಮಾರನೇ ದಿನ ಬೆಳಿಗ್ಗೆ ಆರಕ್ಕೆ ಸೂಪರ್‌ವೈಸರ್ ಗೇಟಿನಲ್ಲೇ ನಿಂತಿದ್ದ. ಕೋಟು ಬಿಚ್ಚಿಸಿಕೊಂಡ. ಗುರುತಿನ ಚೀಟಿ ಕತ್ತರಿಸಿದ. ಮೇಲಿಂದ ಮಾತು ಬಂದಿದೆ, ನನ್ನನ್ನು ಬೈಬೇಡ ಅಂದ. ನಾನು ಬೈಯಲಿಲ್ಲ. ಬಕೆಟ್ ಸರಿಯಾಗಿದೆ, ನೋಡ್ಕೋ ಅಂದೆ.

ಅತ್ತೆಗೆ ಹೇಳಿದೆ. ಅವರು ಆ ಕಾಗದ ಏನು ಅಂತ ಕೇಳಿದರು. ಆದೇಶದ ಪ್ರತಿಯನ್ನು ನಾನು ಗಿರಗಿಟ್ಲೆಯ ಮುಚ್ಚಳಗಳ ಡಬ್ಬಿಯ ಕೆಳಗೆ ಇಟ್ಟಿದ್ದೆ. ಪೊರೆ ಬಂದ ಕಣ್ಣಿಗೆ ಅದರ ಮೇಲಿನ ಮೊಹರು ಮಾತ್ರ ನೀಲಿಯಾಗಿ ಕಂಡಿತ್ತು. ಓದು ಅಂದರು. ಓದಿದೆ. ಸಭೆಯ ಗಡಿಬಿಡಿಯಲ್ಲಿ ಅದನ್ನು ನಾನೂ ಪೂರ್ತಿ ಓದಿರಲಿಲ್ಲ. ಮೇಲ್ಕಂಡವರನ್ನು ಮೂರು ವರ್ಷದ ಅವಧಿಗೆ ಕುಟುಂಬ ಪ್ರತಿನಿಧಿಯನ್ನಾಗಿ ನೇಮಿಸಿದೆ. ಅವಧಿ ಮುಗಿಯುವ ಮುನ್ನ ಇವರನ್ನು ಕೈಬಿಡುವಂತಿಲ್ಲ. ಆ ದೊಡ್ಡ ಅಧಿಕಾರಿಯ ಹೆಂಡತಿಗೋಸ್ಕರ ಯಾರೋ ಸೇರಿಸಿದ್ದ ಸಾಲು. ಹೆಸರು ಮಾತ್ರ ಬದಲಿಸಿದ್ದ ಶಾಖಾಧಿಕಾರಿ ಅದನ್ನು ಓದಿರಲಿಲ್ಲ. ಅವರಿಗೆ ಓದುವ ಅಭ್ಯಾಸ ಇಲ್ಲವಲ್ಲ.

ಅತ್ತೆ ಆ ಸಾಲನ್ನು ಎರಡು ಸಲ ಓದಿಸಿದರು. "ಹಾಗಾದ್ರೆ ಒರೆಸೋ ಕೆಲಸ ಹೋಯ್ತು, ಕೂರೋ ಕೆಲಸ ಉಳೀತು" ಅಂದರು. ನಮ್ಮ ಮನೆಯಲ್ಲಿ ಆವತ್ತು ನಕ್ಕದ್ದು ಅದಕ್ಕೊಂದಕ್ಕೇ.

ಈಗ ಒಂದು ಹಾಸ್ಟೆಲಿನ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತೇನೆ. ಕೈ ಬೆರಳ ಸಂದಿಯಲ್ಲಿ ಚರ್ಮ ಬಿರಿದಿದೆ. ಸಹಿ ಇಲ್ಲದ ನಡಾವಳಿ ಮೂರನೇ ಸಲ ಮೇಲಿಂದ ವಾಪಸು ಬಂತಂತೆ, ಅಟೆಂಡರ್ ಅಣ್ಣ ಹೇಳಿದ. ಕೇಂದ್ರ ಇನ್ನೂ ಅಲ್ಲೇ ಇದೆ. ಟೀಚರ್ ದಿನಾ ಬೆಳಿಗ್ಗೆ ಬೀಗ ತೆಗೆಯುವಾಗ ಬಾಗಿಲಿಗೆ ಏನಾದರೂ ಅಂಟಿಸಿದ್ದಾರಾ ಅಂತ ಮೊದಲು ನೋಡುತ್ತಾರಂತೆ. ನಾನೂ ನೋಡುತ್ತೇನೆ.

ಮೂರು ತಿಂಗಳಾದ ಮೇಲೆ ಸಭೆಯ ನೋಟಿಸು ಬಂತು. ಕಳಿಸದೆ ಅವರಿಗೆ ದಾರಿ ಇರಲಿಲ್ಲ. ನಾಲ್ಕನೇ ವಿಷಯ ಮತ್ತೆ ಅದೇ. ಹಾಸ್ಟೆಲಿನವರಿಗೆ ಅರ್ಧ ದಿನ ರಜೆ ಹೇಳಿದೆ. ಕೇಂದ್ರಕ್ಕೆ ಹೋಗಿ ಗಿರಗಿಟ್ಲೆಯನ್ನು ಕರೆದುಕೊಂಡೆ. ಬಸ್ಸು ಹತ್ತಲಿಲ್ಲ. ನಡೆದೆವು. ಒಂದು ಗಂಟೆ ನಲವತ್ತು ನಿಮಿಷ. ದಾರಿಯಲ್ಲಿ ಎರಡು ಸಲ ರಸ್ತೆ ಮಧ್ಯೆ ಕೂತಳು. ಎರಡು ಸಲವೂ ಹಾರ್ನ್ ಹೊಡೆದವರಿಗೆಲ್ಲ ಬೆನ್ನು ಕೊಟ್ಟು ಅವಳ ಮುಂದೆ ನಿಂತೆ, ಅವಳು ಏಳುವವರೆಗೆ.

ಗೇಟಿನವನು ಹಿಂದಿನ ಬಾಗಿಲು ತೋರಿಸಿದ. ನೋಟಿಸು ತೋರಿಸಿದೆ. ಅವನು ಅದನ್ನು ಓದಿದ, ನನ್ನನ್ನು ನೋಡಿದ, ಮತ್ತೆ ಓದಿದ. ಮುಂದಿನ ಬಾಗಿಲು ತೆಗೆದ.

ನಾಲ್ಕನೇ ಮಹಡಿಯಲ್ಲಿ ಅಟೆಂಡರ್ ಅಣ್ಣ ಹಾಜರಿ ಪುಸ್ತಕ ಮುಂದೆ ಹಿಡಿದ. ಸಹಿ ಹಾಕುವ ಮೊದಲು ನಾನು ಒಳಗೆ ನೋಡಿದೆ. ಟೈಪಿಸ್ಟಿನ ಮುಂದೆ ಏಳೆಂಟು ಹಾಳೆಯ ಕಟ್ಟು ಆಗಲೇ ಪಿನ್ನು ಹೊಡೆದು ಇಟ್ಟಿತ್ತು. ಸಹಿ ಹಾಕಿ ಒಳಗೆ ಹೋಗಿ ಕುರ್ಚಿಯ ತುದಿಯಲ್ಲಿ ಕೂತೆ. ಪಕ್ಕದ ಕುರ್ಚಿಯಲ್ಲಿ ಗಿರಗಿಟ್ಲೆಯನ್ನು ಕೂರಿಸಿದೆ. ಮಕ್ಕಳನ್ನು ಕರೆತರುವ ಹಾಗಿಲ್ಲ ಅಂತ ಶಾಖಾಧಿಕಾರಿ ಪಿಸುಗುಟ್ಟಿದರು. ಹಾಗಂತ ಎಲ್ಲಿ ಬರೆದಿದೆ ತೋರಿಸಿ ಅಂದೆ. ಅವರು ಕಾರ್ಯದರ್ಶಿಗಳ ಕಡೆ ನೋಡಿದರು. ಕಾರ್ಯದರ್ಶಿಗಳು ತಮ್ಮ ಫೈಲು ನೋಡಿಕೊಂಡರು.

ಗಿರಗಿಟ್ಲೆ ಹೊಸ ಜಾಗವನ್ನು ಸ್ವಲ್ಪ ಹೊತ್ತು ಮೂಸಿದಳು. ಆಮೇಲೆ ಮುಂದಿದ್ದ ನೀರಿನ ಬಾಟಲಿಯ ಮುಚ್ಚಳ ಬಿಚ್ಚಿದಳು. ಮೇಜಿನ ಮೇಲೆ ನಿಲ್ಲಿಸಿ ಎರಡು ಬೆರಳಲ್ಲಿ ತಿರುವಿದಳು. ಅದು ತಿರುಗತೊಡಗಿತು. ನುಣುಪಾದ ಮೇಜು. ಅದಕ್ಕೆ ಎಷ್ಟು ವರ್ಷ ಪಾಲಿಶ್ ಉಜ್ಜಿದ್ದೇನೆ. ಮುಚ್ಚಳ ತಿರುಗುತ್ತ ತಿರುಗುತ್ತ ಆರೋಗ್ಯದವರ ಮುಂದೆ ಹೋಯಿತು, ಶಿಕ್ಷಣದವರ ಮುಂದೆ ಹೋಯಿತು. ಯಾರೂ ಅದನ್ನು ಹಿಡಿಯಲಿಲ್ಲ. ಎಲ್ಲರೂ ಅದು ಬೀಳುವುದನ್ನು ಕಾಯುತ್ತಿದ್ದರು.

"ಆ ಟೈಪಾದ ಹಾಳೆ ಆಚೆ ಇಡಿ" ಅಂತ ಟೈಪಿಸ್ಟಿಗೆ ಹೇಳಿದೆ. "ಖಾಲಿ ಹಾಳೆ ತಗೊಳ್ಳಿ. ಮೊದಲು ನಾಲ್ಕನೇ ವಿಷಯ. ನಾನು ಮಾತಾಡ್ತೀನಿ. ಬರಕೊಳ್ಳಿ."

ಟೈಪಿಸ್ಟ್ ಮೇಲಿನವರ ಮುಖ ನೋಡಲಿಲ್ಲ. ಹಾಳೆ ತೆಗೆದುಕೊಂಡಳು.